ಹವೆಯ ಉಪಗ್ರಹಗಳೂ ನಮ್ಮ ಮನೆಯಂಗಳವೂ



ಮೇ ತಿಂಗಳ ಕೊನೆಯ ವಾರ ಬಂದಿತೆಂದರೆ ನಮ್ಮ ಕಾಸರಗೋಡಿನ ಕಡೆಯ ಮನೆಮನೆಗಳಲ್ಲಿಯೂ ಒಂದೇ ಮಾತು: ಮಳೆ ಹಿಡಿಯುವುದು ಎಂದಿಗೆ? ಅಡಿಕೆ ತೋಟದವರು ಮಳೆ ಬಲಿಯುವ ಮೊದಲೇ ಮೈಲುತುತ್ತು ಸುಣ್ಣಗಳನ್ನು ಕಲಸಿ ಗೊನೆಗಳಿಗೆ ಮದ್ದು ಬಿಟ್ಟು ಮುಗಿಸಬೇಕು. ತಪ್ಪಿದರೆ ಮಹಾಳಿ ತಗುಲಿ ಎಳೆಗಾಯಿಗಳು ಉದುರಿಹೋಗುವುವು. ಕಡಲ ಕರೆಯವರು ದೋಣಿಯನ್ನು ದಡಕ್ಕೆಳೆದು ಬಲೆಯನ್ನು ಒಳಗಿರಿಸಬೇಕು. ಮಾಡಿನ ಒಡೆದ ಹಂಚು ಬದಲಾಗಬೇಕು, ಸೌದೆ ಕೊಟ್ಟಿಗೆಯನ್ನು ಸೇರಬೇಕು. ಈ ಎಲ್ಲ ಕೆಲಸಗಳ ಲೆಕ್ಕವೂ ಮುಂದಿನ ನಾಲ್ಕು ದಿನಗಳ ಹವೆಯ ಮೇಲೆ ನಿಂತಿರುವುದಷ್ಟೆ.

ನಮ್ಮ ಹಿರಿಯರು ಇರುವೆಯ ಸಾಲನ್ನು ಕಂಡು, ಪಡುವಣ ಕಡಲಿನ ಮೊರೆತವನ್ನು ಕೇಳಿ, ಗಾಳಿಯ ದಿಕ್ಕನ್ನು ನೋಡಿ ಮಳೆಯ ಮಾತು ಹೇಳುತ್ತಿದ್ದರು. ಅವರ ಅನುಭವವನ್ನು ನಾವು ಹಳಿಯಬಾರದು. ಆದರೆ ಅವರ ಕಣ್ಣಿಗೆ ಕಾಣುತ್ತಿದ್ದುದು ತಮ್ಮ ಊರಿನ ಬಾನು ಮಾತ್ರ. ಲಕ್ಷದ್ವೀಪದ ಆಚೆ ನೂರಾರು ಮೈಲು ದೂರದಲ್ಲಿ ಸುಳಿಗೊಂಡು ಬರುತ್ತಿರುವ ಗಾಳಿಯನ್ನು ನೋಡಲು ಅವರಿಗೆ ಉಪಾಯವಿರಲಿಲ್ಲ. ಇಂದು ಆ ಉಪಾಯವುಂಟು. ಅದುವೇ ಹವೆಯ ಉಪಗ್ರಹ. ಅದು ಹೇಗೆ ಹುಟ್ಟಿತು, ಹೇಗೆ ನೋಡುತ್ತದೆ, ಅದು ಕಂಡದ್ದು ನಮ್ಮ ಅಂಗಳದವರೆಗೆ ಹೇಗೆ ಬರಬೇಕು ಎಂಬುದನ್ನು ಈ ಪಾಠದಲ್ಲಿ ವಿಚಾರ ಮಾಡೋಣ.

1. ನೋಡುವುದು

1960ನೆಯ ಇಸವಿ ಏಪ್ರಿಲ್ 1ರಂದು ಅಮೆರಿಕದ ಫ್ಲಾರಿಡಾ ಕರಾವಳಿಯಿಂದ ‘ಟೈರೋಸ್–1’ ಎಂಬ ಉಪಗ್ರಹವು ಮೇಲೇರಿತು. ಅದರ ತೂಕ ಸುಮಾರು 120 ಕಿಲೋಗ್ರಾಂ. ಒಳಗೆ ಎರಡು ಟೆಲಿವಿಷನ್ ಕ್ಯಾಮರಾಗಳು. ಅದು ಕೆಲಸ ಮಾಡಿದ್ದು 78 ದಿನಗಳು ಮಾತ್ರ. ಆದರೂ ಆ ಅಲ್ಪಾಯುಷ್ಯದಲ್ಲಿಯೇ ಅದು ಸಾವಿರಾರು ಮೋಡದ ಚಿತ್ರಗಳನ್ನು ಕೆಳಗೆ ಕಳುಹಿಸಿತು. ಮೋಡಗಳು ಚದರಿದ ಹತ್ತಿಯಂತೆ ಮನಬಂದಲ್ಲಿ ತೇಲುವುದಿಲ್ಲ, ಸಾವಿರಾರು ಮೈಲುಗಳ ಉದ್ದಕ್ಕೆ ಪಟ್ಟಿಗಳಾಗಿಯೂ ಸುರುಳಿಗಳಾಗಿಯೂ ಒಂದು ಕ್ರಮದಲ್ಲಿ ಹೆಣೆದುಕೊಂಡಿವೆ ಎಂಬುದನ್ನು ಮನುಷ್ಯನು ಅಂದು ಕಣ್ಣಾರೆ ಕಂಡನು.

ಈ ವಿದ್ಯೆಯ ಕತೆಯಲ್ಲಿ ನಮ್ಮಂಥ ಉಪಾಧ್ಯಾಯರಿಗೆ ಪ್ರಿಯವಾದ ಒಂದು ಹೆಸರಿದೆ: ವರ್ನರ್ ಸುವೊಮಿ. ಅವರು 1915ರಲ್ಲಿ ಅಮೆರಿಕದ ಮಿನೆಸೋಟ ರಾಜ್ಯದಲ್ಲಿ ಹುಟ್ಟಿದವರು. ಫಿನ್ಲೆಂಡಿನಿಂದ ವಲಸೆ ಬಂದ ಕುಟುಂಬದವರು. ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಓದಿ, ಮೊದಲಿಗೆ ಶಾಲೆಯಲ್ಲಿ ವಿಜ್ಞಾನದ ಪಾಠ ಹೇಳುತ್ತಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹವಾಮಾನಶಾಸ್ತ್ರದ ಕಡೆಗೆ ಮನಸ್ಸು ತಿರುಗಿತು. ಮುಂದೆ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದರು. ಅವರ ಸಂಶೋಧನೆಯ ವಿಷಯವಾದರೂ ಯಾವುದು? ಒಂದು ಜೋಳದ ಹೊಲವು ಬಿಸಿಲಿನಿಂದ ಎಷ್ಟು ಶಾಖವನ್ನು ಪಡೆಯುತ್ತದೆ, ಎಷ್ಟನ್ನು ಹಿಂದಿರುಗಿಸುತ್ತದೆ ಎಂಬ ಲೆಕ್ಕ! ಒಂದು ಹೊಲದ ಜಮಾಖರ್ಚನ್ನು ಬರೆದವರಿಗೆ ಇಡೀ ಭೂಮಿಯ ಜಮಾಖರ್ಚನ್ನು ಏಕೆ ಬರೆಯಬಾರದು ಎಂಬ ಯೋಚನೆ ಬಂದಿತು. 1959ರ ಅಕ್ಟೋಬರದಲ್ಲಿ ಹಾರಿದ ‘ಎಕ್ಸ್‌ಪ್ಲೋರರ್–7’ ಉಪಗ್ರಹದಲ್ಲಿ ಅವರೂ ಅವರ ಸಂಗಡಿಗರೂ ರಚಿಸಿದ ಶಾಖಮಾಪಕವು ಇದ್ದಿತು. ಅಂಗಳದಲ್ಲಿ ನಿಂತು ಕಲಿತ ಪಾಠವೇ ಆಕಾಶಕ್ಕೇರಿದ ಬಗೆ ಇದು.

ಟೈರೋಸಿನಂಥ ಉಪಗ್ರಹಗಳು ಭೂಮಿಗೆ ಸಮೀಪದಲ್ಲಿ ಸುತ್ತುವುವು. ಇಂದಿನ ಧ್ರುವೀಯ ಉಪಗ್ರಹಗಳು ಸುಮಾರು 800 ಕಿಲೋಮೀಟರು ಎತ್ತರದಲ್ಲಿದ್ದು, ನೂರು ನಿಮಿಷಗಳಿಗೊಮ್ಮೆಯಂತೆ ಭೂಮಿಯನ್ನು ಸುತ್ತುತ್ತವೆ. ಇವು ಹತ್ತಿರದಿಂದ ಚೆನ್ನಾಗಿ ನೋಡುವುವು. ಆದರೆ ಒಂದೂರನ್ನು ದಾಟಿಹೋದ ಮೇಲೆ ಅಲ್ಲಿಗೆ ತಿರುಗಿ ಬರಲು ಹಲವು ಗಂಟೆಗಳು ಬೇಕು. ಅಷ್ಟರಲ್ಲಿ ಮೋಡವು ಎಲ್ಲಿಗೆ ಹೋಯಿತೋ ತಿಳಿಯದು. ಈ ಕೊರತೆಯನ್ನು ನೀಗುವುದು ಭೂಸ್ಥಿರ ಉಪಗ್ರಹ. ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿಲೋಮೀಟರು ಎತ್ತರದಲ್ಲಿ ಉಪಗ್ರಹವನ್ನಿರಿಸಿದರೆ, ಅದು ಒಂದು ಸುತ್ತು ಬರುವ ಕಾಲವೂ ಭೂಮಿ ತನ್ನನ್ನು ತಾನು ಸುತ್ತುವ ಕಾಲವೂ ಒಂದೇ ಆಗುತ್ತದೆ. ಆದುದರಿಂದ ನಮಗೆ ಅದು ಬಾನಿನಲ್ಲಿ ಒಂದೇ ಕಡೆ ನಿಂತಂತೆ ತೋರುವುದು. ನಿಮ್ಮ ಮನೆಯ ಮಾಡಿನ ಮೇಲಿರುವ ಟೀವಿಯ ಡಿಶ್ ಹಗಲಿರುಳು ಒಂದೇ ಕಡೆಗೆ ಮುಖ ಮಾಡಿ ನಿಂತಿರುವುದನ್ನು ನೋಡಿದ್ದೀರಲ್ಲವೆ? ಅದು ನೋಡುತ್ತಿರುವ ಉಪಗ್ರಹವೂ ಇದೇ ಜಾತಿಯದು.

1966ರ ಡಿಸೆಂಬರದಲ್ಲಿ ಅಮೆರಿಕದವರು ‘ಎ.ಟಿ.ಎಸ್.–1’ ಎಂಬ ಭೂಸ್ಥಿರ ಉಪಗ್ರಹವನ್ನು ಹಾರಿಸಿದಾಗ ಅದರಲ್ಲಿ ಸುವೊಮಿಯವರ ಕ್ಯಾಮರಾ ಇದ್ದಿತು. ಆ ಉಪಗ್ರಹವು ಬುಗುರಿಯಂತೆ ನಿಮಿಷಕ್ಕೆ ಸುಮಾರು ನೂರು ಸುತ್ತು ತಿರುಗುತ್ತಿತ್ತು. ತಿರುಗುವುದನ್ನು ದೋಷವೆಂದು ಎಣಿಸದೆ ಅವರು ಅದನ್ನೇ ಉಪಯೋಗಕ್ಕೆ ತಂದುಕೊಂಡರು. ಒಂದೊಂದು ಸುತ್ತಿಗೆ ಭೂಮಿಯ ಒಂದೊಂದು ಗೆರೆಯನ್ನು ಕ್ಯಾಮರಾ ನೋಡುವುದು. ಮುಂದಿನ ಸುತ್ತಿಗೆ ಸ್ವಲ್ಪ ಓರೆಯಾಗಿ ಮತ್ತೊಂದು ಗೆರೆ. ಚಾಪೆ ಹೆಣೆಯುವವರು ಎಳೆಯ ಮೇಲೆ ಎಳೆ ಸೇರಿಸುವಂತೆ ಗೆರೆಯ ಮೇಲೆ ಗೆರೆ ಕೂಡಿ ಭೂಮಿಯ ಚಿತ್ರವಾಗುತ್ತಿತ್ತು. ಒಂದೇ ತಾಣದಿಂದ ಮತ್ತೆ ಮತ್ತೆ ತೆಗೆದ ಇಂಥ ಚಿತ್ರಗಳನ್ನು ಸಾಲಾಗಿಟ್ಟರೆ ಮೋಡದ ನಡೆ ಕಾಣಿಸಿತು. ಮೋಡದ ನಡೆಯಿಂದ ಗಾಳಿಯ ವೇಗವೂ ದಿಕ್ಕೂ ತಿಳಿದುವು.

ನಮ್ಮ ದೇಶದ ವಿಷಯಕ್ಕೆ ಬರೋಣ. 1982ರ ಏಪ್ರಿಲಿನಲ್ಲಿ ‘ಇನ್ಸಾಟ್–1ಎ’ ಹಾರಿತು; ಆದರೆ ಕೆಲವೇ ತಿಂಗಳಲ್ಲಿ ಕೆಟ್ಟು ನಿಂತಿತು. ಎದೆಗುಂದದೆ 1983ರ ಆಗಸ್ಟಿನಲ್ಲಿ ‘ಇನ್ಸಾಟ್–1ಬಿ’ಯನ್ನು ಕಳುಹಿಸಲಾಯಿತು. ಇವು ಅಮೆರಿಕದಲ್ಲಿ ಕಟ್ಟಿದವು. 1992ರಲ್ಲಿ ನಮ್ಮವರೇ ಕಟ್ಟಿದ ‘ಇನ್ಸಾಟ್–2ಎ’ ಮೇಲೇರಿತು. 2002ರ ಸೆಪ್ಟೆಂಬರ್ 12ರಂದು ಹವೆಗಾಗಿಯೇ ಮೀಸಲಾದ ‘ಮೆಟ್‌ಸಾಟ್’ ಹಾರಿತು. ಮರುವರ್ಷ ಫೆಬ್ರವರಿಯಲ್ಲಿ ಕೊಲಂಬಿಯಾ ನೌಕೆಯ ದುರಂತದಲ್ಲಿ ತೀರಿಕೊಂಡ ಕಲ್ಪನಾ ಚಾವ್ಲಾ ಅವರ ನೆನಪಿಗಾಗಿ ಅದಕ್ಕೆ ‘ಕಲ್ಪನಾ–1’ ಎಂದು ಹೆಸರಾಯಿತು. ಆ ಬಳಿಕ 2013ರಲ್ಲಿ ‘ಇನ್ಸಾಟ್–3ಡಿ’, 2016ರಲ್ಲಿ ‘3ಡಿಆರ್’, 2024ರ ಫೆಬ್ರವರಿ 17ರಂದು ‘3ಡಿಎಸ್’ ಇವು ಬಂದುವು. ‘3ಡಿಆರ್’ ಉಪಗ್ರಹಕ್ಕೆ ಕೊಟ್ಟ ತಾಣ ಪೂರ್ವ ರೇಖಾಂಶ 74 ಡಿಗ್ರಿ. ನಮ್ಮ ಕಾಸರಗೋಡಿನ ರೇಖಾಂಶ ಸುಮಾರು 75 ಡಿಗ್ರಿ. ಎಂದರೆ ಅದು ಹೆಚ್ಚುಕಡಮೆ ನಮ್ಮ ನೇರ ತೆಂಕುದಿಕ್ಕಿನ ಬಾನಿನಲ್ಲಿದೆ. ಈ ಭೂಸ್ಥಿರ ಉಪಗ್ರಹಗಳನ್ನು ಅಂಕೆಯಲ್ಲಿಟ್ಟು ನಡೆಸುವ ಮುಖ್ಯ ನಿಯಂತ್ರಣ ಕೇಂದ್ರವು ಎಲ್ಲಿದೆ ಬಲ್ಲಿರಾ? ಘಟ್ಟ ಹತ್ತಿದರೆ ಸಿಗುವ ಹಾಸನದಲ್ಲಿ. ಅಂಥದೇ ಇನ್ನೊಂದು ಕೇಂದ್ರವು ಭೋಪಾಲದಲ್ಲಿದೆ.

2. ಓದುವುದು

ಚಿತ್ರ ಬಂದ ಮಾತ್ರಕ್ಕೆ ಹವೆ ತಿಳಿಯಿತೆಂದು ಭಾವಿಸಬಾರದು. ಅಕ್ಷರ ಬಾರದವನ ಕೈಯಲ್ಲಿ ಪುಸ್ತಕವಿದ್ದು ಫಲವೇನು? ಚಿತ್ರವನ್ನು ಓದುವುದೂ ಒಂದು ವಿದ್ಯೆ.

ಉಪಗ್ರಹವು ಹಲವು ಬಗೆಯ ಬೆಳಕಿನಲ್ಲಿ ನೋಡುತ್ತದೆ. ಸಾಮಾನ್ಯ ಬೆಳಕಿನ ಚಿತ್ರವು ನಮ್ಮ ಕಣ್ಣು ಕಂಡಂತೆಯೇ ಇರುವುದು. ರಾತ್ರಿಯಲ್ಲಿ ಅದರಿಂದ ಪ್ರಯೋಜನವಿಲ್ಲ. ಅವಕೆಂಪು ಕಿರಣದ ಚಿತ್ರವು ಹಾಗಲ್ಲ. ಬಿಸಿಯಾದ ವಸ್ತು ಹೆಚ್ಚು ಅವಕೆಂಪು ಕಿರಣವನ್ನು ಸೂಸುವುದು, ತಂಪಾದುದು ಕಡಮೆ. ಆದುದರಿಂದ ಕತ್ತಲಲ್ಲಿಯೂ ಮೋಡದ ನೆತ್ತಿ ಎಷ್ಟು ತಂಪಾಗಿದೆ ಎಂದು ಅಳೆಯಬಹುದು. ಮೇಲೇರಿದಂತೆ ಗಾಳಿಯು ಸರಾಸರಿ ಪ್ರತಿ ಕಿಲೋಮೀಟರಿಗೆ 6.5 ಡಿಗ್ರಿಯಷ್ಟು ತಂಪಾಗುತ್ತದೆಂದು ನೀವು ಭೂಗೋಳದಲ್ಲಿ ಓದಿರುವಿರಿ. ಈಗ ಒಂದು ಲೆಕ್ಕ ಮಾಡೋಣ. ನೆಲದಲ್ಲಿ 30 ಡಿಗ್ರಿ ಸೆಲ್ಸಿಯಸ್ ಇದೆ. ಮೋಡದ ನೆತ್ತಿಯಲ್ಲಿ ಸೊನ್ನೆಗಿಂತ ಕೆಳಗೆ 48 ಡಿಗ್ರಿ ಇದೆ. ವ್ಯತ್ಯಾಸ 78 ಡಿಗ್ರಿ. ಅದನ್ನು 6.5ರಿಂದ ಭಾಗಿಸಿದರೆ 12. ಎಂದರೆ ಆ ಮೋಡವು ಸುಮಾರು 12 ಕಿಲೋಮೀಟರು ಎತ್ತರಕ್ಕೆ ಬೆಳೆದಿದೆ. ಎವರೆಸ್ಟ್ ಶಿಖರಕ್ಕಿಂತಲೂ ಮೂರು ಕಿಲೋಮೀಟರು ಮೇಲೆ! ಅಂಥ ಮೋಡದಲ್ಲಿ ಗುಡುಗು, ಸಿಡಿಲು, ಬಿರುಮಳೆ ಇರುವ ಸಂಭವ ಹೆಚ್ಚು. ಇವಲ್ಲದೆ ಕಣ್ಣಿಗೆ ಕಾಣದ ನೀರಾವಿಯನ್ನು ತೋರಿಸುವ ಚಿತ್ರವೂ ಉಂಟು. 2022ರ ನವೆಂಬರಿನಲ್ಲಿ ಹಾರಿದ ನಮ್ಮ ‘ಇ.ಓ.ಎಸ್.–06’ ಎಂಬ ಸಾಗರ ಉಪಗ್ರಹವು ರೇಡಿಯೋ ಅಲೆಗಳನ್ನು ಕಡಲಿಗೆ ಎರಚಿ, ನೀರಿನ ಕಿರುತೆರೆಗಳಿಂದ ಅವು ಹಿಂದಿರುಗುವ ರೀತಿಯನ್ನು ಕಂಡು, ಕಡಲ ಮೇಲಿನ ಗಾಳಿಯನ್ನು ತಿಳಿಸುವಂತೆ ರಚಿತವಾದುದು.

ಹಾಗಾದರೆ ನೆತ್ತಿ ತಂಪಾಗಿದ್ದರೆ ಭಾರಿ ಮಳೆ, ಇಲ್ಲದಿದ್ದರೆ ಇಲ್ಲ ಎನ್ನಬಹುದೆ? ಹಾಗೆನ್ನುವವರು ನಮ್ಮ ಕರಾವಳಿಯಲ್ಲಿ ಸೋಲುವರು. ಪಡುಗಡಲಿನ ತೇವದ ಗಾಳಿಯು ಘಟ್ಟಕ್ಕೆ ಬಡಿದು ಮೇಲೇರುವಾಗ ಅಷ್ಟೇನೂ ಎತ್ತರವಿಲ್ಲದ ಮೋಡಗಳೂ ಧಾರಾಕಾರವಾಗಿ ಸುರಿಸಬಲ್ಲವು. ಚಿತ್ರದಲ್ಲಿ ಅವು ಸೌಮ್ಯವಾಗಿಯೇ ತೋರುವುವು. ಆದುದರಿಂದಲೇ ಓದುವವನಿಗೆ ದೀರ್ಘಕಾಲದ ಅಭ್ಯಾಸ ಬೇಕು. ಊರಿನ ಗುಡ್ಡ, ಕಡಲು, ಋತು ಇವುಗಳ ಪರಿಚಯ ಬೇಕು. 1970ರ ದಶಕದಲ್ಲಿ ವರ್ನನ್ ಡ್ವೊರಾಕ್ ಎಂಬ ಅಮೆರಿಕದ ಹವಾಮಾನಜ್ಞರು ಚಂಡಮಾರುತದ ಮೋಡದ ಸುರುಳಿಯ ಆಕಾರವನ್ನು ನೋಡಿಯೇ ಅದರ ಬಲವನ್ನು 1ರಿಂದ 8ರವರೆಗಿನ ಅಂಕಗಳಲ್ಲಿ ಅಳೆಯುವ ಕ್ರಮವನ್ನು ರಚಿಸಿದರು. ನಮ್ಮ ದೇಶದ ಹವಾಮಾನ ಇಲಾಖೆಯವರೂ ಆ ಕ್ರಮವನ್ನು ಅನುಸರಿಸುವರು.

ಇಂಥ ಓದನ್ನು ಕಲಿಸುವ ಗುರುಕುಲಗಳು ಬೇಕಷ್ಟೆ. ಸುವೊಮಿಯವರು ವಿಸ್ಕಾನ್ಸಿನ್ನಿನ ಮ್ಯಾಡಿಸನ್ ನಗರದಲ್ಲಿ 1965ರಲ್ಲಿ ಒಂದು ಬಾಹ್ಯಾಕಾಶ ವಿಜ್ಞಾನ ಕೇಂದ್ರವನ್ನು ಕಟ್ಟಿದರು. 1980ರಲ್ಲಿ ಅಲ್ಲಿಯೇ ಹವಾಮಾನ ಉಪಗ್ರಹಗಳ ಅಧ್ಯಯನಕ್ಕಾಗಿ ವಿಶ್ವವಿದ್ಯಾನಿಲಯವೂ ಸರಕಾರದ ಇಲಾಖೆಗಳೂ ಕೂಡಿ ನಡೆಸುವ ಒಂದು ಸಹಕಾರಿ ಸಂಸ್ಥೆ ಹುಟ್ಟಿತು. ಸಂಶೋಧನೆ, ತರಬೇತಿ, ಜನರಿಗೆ ತಿಳಿವಳಿಕೆ ಇವು ಮೂರೂ ಅಲ್ಲಿ ಒಂದೇ ಮಾಡಿನ ಕೆಳಗಿವೆ. ಮುನ್ಸೂಚನೆ ಹೇಳುವ ಅಧಿಕಾರಿಗಳಿಗೆ ಅಲ್ಲಿ ಪಾಠವುಂಟು. ಪ್ರೌಢಶಾಲೆಯ ಮಕ್ಕಳಿಗೂ ಉಪಾಧ್ಯಾಯರಿಗೂ ಬೇಸಗೆಯ ಶಿಬಿರಗಳನ್ನು ಅದು ನಡೆಸಿದೆ. ಸುವೊಮಿಯವರು 1995ರಲ್ಲಿ ತೀರಿಕೊಂಡರು. 2011ರಲ್ಲಿ ಹಾರಿದ ಒಂದು ದೊಡ್ಡ ಉಪಗ್ರಹಕ್ಕೆ ಮರುವರ್ಷ ಅವರ ಹೆಸರನ್ನಿಟ್ಟರು. ಶಾಲಾ ಮಾಷ್ಟ್ರೊಬ್ಬರ ಹೆಸರು ಹೀಗೆ ಭೂಮಿಯನ್ನು ಸುತ್ತುವಂತಾಯಿತು.

ನಮ್ಮಲ್ಲಿಯೂ ಇಂಥ ವ್ಯವಸ್ಥೆಯಿದೆ. 1995ರಲ್ಲಿ ಡೆಹರಾಡೂನಿನಲ್ಲಿ ಏಷ್ಯಾ ಮತ್ತು ಶಾಂತಸಾಗರ ಪ್ರದೇಶದ ದೇಶಗಳಿಗಾಗಿ ವಿಶ್ವಸಂಸ್ಥೆಯ ಸಂಬಂಧವುಳ್ಳ ಬಾಹ್ಯಾಕಾಶ ಶಿಕ್ಷಣ ಕೇಂದ್ರವು ಆರಂಭವಾಯಿತು. ಅದರ ಉಪಗ್ರಹ ಹವಾಮಾನಶಾಸ್ತ್ರದ ಪಾಠಕ್ರಮವು ಅಹಮದಾಬಾದಿನ ಬಾಹ್ಯಾಕಾಶ ಉಪಯೋಗ ಕೇಂದ್ರದಲ್ಲಿ ನಡೆಯುತ್ತ ಬಂದಿದೆ. ನೆರೆಹೊರೆಯ ದೇಶಗಳವರೂ ಅಲ್ಲಿಗೆ ಬಂದು ಕಲಿಯುವರು. 1875ರಲ್ಲಿ ಸ್ಥಾಪನೆಯಾದ ಭಾರತ ಹವಾಮಾನ ಇಲಾಖೆಯು ತನ್ನ ನೌಕರರಿಗೆ ಪುಣೆಯಲ್ಲಿ ತರಬೇತಿ ಕೊಡುತ್ತದೆ. ಗಣಿತದಲ್ಲಿಯೂ ಭೌತಶಾಸ್ತ್ರದಲ್ಲಿಯೂ ಆಸಕ್ತಿಯುಳ್ಳ ನಮ್ಮ ಮಕ್ಕಳು ಈ ಹೆಸರುಗಳನ್ನು ನೆನಪಿನಲ್ಲಿಡಲಿ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಆ ಬಾಗಿಲು ಮುಚ್ಚಿಲ್ಲ.

3. ತಿಳಿಸುವುದು

ಈಗ ನಾವು ಮುಖ್ಯವಾದ ಮಾತಿಗೆ ಬಂದೆವು. 1977ರ ನವೆಂಬರ್ 19ರಂದು ಆಂಧ್ರದ ದಿವಿಸೀಮೆಗೆ ಚಂಡಮಾರುತ ಬಡಿದು ಸುಮಾರು ಹತ್ತು ಸಾವಿರ ಜನರು ಮಡಿದರು. ಆಗ ನಮ್ಮ ದೇಶಕ್ಕೆ ಇನ್ಸಾಟ್ ಇರಲಿಲ್ಲ. 1999ರ ಅಕ್ಟೋಬರ್ 29ರಂದು ಒಡಿಶಾ ಕರಾವಳಿಗೆ ಮಹಾ ಚಂಡಮಾರುತ ಬಡಿದಾಗ ಇನ್ಸಾಟ್ ಇದ್ದಿತು. ಬಿರುಗಾಳಿ ಬರುವುದು ತಿಳಿದಿತ್ತು. ಆದರೂ ಸುಮಾರು ಹತ್ತು ಸಾವಿರ ಜನರು ಹೋದರು. 2013ರ ಅಕ್ಟೋಬರ್ 12ರಂದು ಅದೇ ಒಡಿಶಾಕ್ಕೆ ‘ಫೈಲಿನ್’ ಎಂಬ ಭಾರಿ ಚಂಡಮಾರುತ ಬಂದಿತು. ಆ ಸಲ ಮೊದಲೇ ಸುಮಾರು ಹತ್ತು ಲಕ್ಷ ಜನರನ್ನು ಸುರಕ್ಷಿತ ತಾಣಗಳಿಗೆ ಸೇರಿಸಿದ್ದರು. ಸಾವುಗಳನ್ನು ಸಾವಿರಗಳಲ್ಲಿ ಅಲ್ಲ, ಹತ್ತುಗಳಲ್ಲಿ ಎಣಿಸಬೇಕಾಯಿತು.

ಈ ಮೂರು ವರ್ಷಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿರಿ. ಕೊನೆಯ ಎರಡರಲ್ಲಿಯೂ ಮೇಲಿನ ಕಣ್ಣು ಇದ್ದಿತು. ಆ ಹದಿನಾಲ್ಕು ವರ್ಷಗಳಲ್ಲಿ ಮುನ್ಸೂಚನೆಯು ಹೆಚ್ಚು ಖಚಿತವಾಯಿತೆಂಬುದು ನಿಜ. ಆದರೆ ಅದಕ್ಕಿಂತಲೂ ದೊಡ್ಡ ಬದಲಾವಣೆಯಾದುದು ನೆಲದಲ್ಲಿ. ಆಶ್ರಯದ ಕಟ್ಟಡಗಳು ಎದ್ದುವು. ಹಳ್ಳಿಹಳ್ಳಿಗೆ ಸುದ್ದಿ ಮುಟ್ಟಿಸುವ ಜನರು ತಯಾರಾದರು. ಕೇಳಿದವರು ನಂಬಿ ಮನೆಬಿಟ್ಟು ಹೊರಟರು.

ಸುದ್ದಿ ಮುಟ್ಟದಿದ್ದರೆ ಏನಾಗುವುದೆಂಬುದಕ್ಕೆ ನಮ್ಮ ಕಡಲಲ್ಲಿಯೇ ದೃಷ್ಟಾಂತವಿದೆ. 2017ರ ನವೆಂಬರ್ ಕೊನೆಯಲ್ಲಿ ‘ಒಖಿ’ ಚಂಡಮಾರುತವು ಕನ್ಯಾಕುಮಾರಿಯ ಬಳಿ ಬಹು ಬೇಗನೆ ಬಲಿಯಿತು. ಅಷ್ಟರಲ್ಲಿ ಎಷ್ಟೋ ದೋಣಿಗಳು ದಡದಿಂದ ಬಲು ದೂರ ಹೋಗಿಬಿಟ್ಟಿದ್ದುವು. ಅಲ್ಲಿಗೆ ದೂರವಾಣಿಯ ಸಂಜ್ಞೆ ತಲಪುವಂತಿರಲಿಲ್ಲ. ಕೇರಳ ಮತ್ತು ತಮಿಳುನಾಡಿನ ನೂರಾರು ಮೀನುಗಾರರು ಮನೆಗೆ ಮರಳಲಿಲ್ಲ. ಆ ಮೇಲೆ 2019ರಲ್ಲಿ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರದ ‘ಜೆಮಿನಿ’ ಎಂಬ ಉಪಕರಣ ಬಂದಿತು. ಅದು ಉಪಗ್ರಹದ ಮೂಲಕವೇ ನಡುಗಡಲಿನ ದೋಣಿಗೆ ಎಚ್ಚರಿಕೆಯನ್ನು ಮುಟ್ಟಿಸುತ್ತದೆ.

ಇಷ್ಟು ಹೇಳಿದ ಮೇಲೆ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳದಿದ್ದರೆ ಈ ಪಾಠವು ಪ್ರಾಮಾಣಿಕವಾಗದು. ಕೆಲವು ವರ್ಷಗಳ ಹಿಂದೆ, ಜುಲೈ ತಿಂಗಳ ಒಂದು ದಿನ, ಶಾಲೆಯ ಕಚೇರಿಗೆ ಭಾರಿ ಮಳೆಯ ಎಚ್ಚರಿಕೆ ಬಂದಿತು. ಒಕ್ಕಣೆ ಮಲಯಾಳದಲ್ಲಿಯೂ ಇಂಗ್ಲಿಷಿನಲ್ಲಿಯೂ ಇತ್ತು. ಮರುದಿನ ರಜೆ ಉಂಟೋ ಇಲ್ಲವೋ ಎಂಬಷ್ಟನ್ನು ಮಾತ್ರ ಓದಿಕೊಂಡು ನಾವು ಅದನ್ನು ಗೋಡೆಗೆ ಅಂಟಿಸಿದೆವು. ಆ ದಿನ ಹೊಳವಾಗಿತ್ತು. ನಮ್ಮ ಒಬ್ಬ ವಿದ್ಯಾರ್ಥಿನಿಯ ಅಜ್ಜನು, ಎಡೆ ಸಿಕ್ಕಿತೆಂದು, ಸಾಲ ತಂದ ಹಣದಲ್ಲಿ ಆಳು ಗೊತ್ತುಮಾಡಿ ತೋಟಕ್ಕೆ ಎರಡನೆಯ ಮದ್ದು ಬಿಡಿಸಿದರು. ಮದ್ದು ಒಣಗುವುದಕ್ಕೆ ಮೊದಲೇ ಸಂಜೆಯ ಮಳೆ ಹೊಡೆದು ಎಲ್ಲವೂ ತೊಳೆದುಹೋಯಿತು. ಅವರಿಗೆ ಕನ್ನಡವೊಂದೇ ಓದಲು ಬರುವುದು. ವಾರದ ಬಳಿಕ ಶಾಲೆಗೆ ಬಂದಾಗ ಗೋಡೆಯ ಕಾಗದದಲ್ಲಿ ಏನಿದೆಯೆಂದು ಮೊಮ್ಮಗಳನ್ನು ಕೇಳಿ ತಿಳಿದುಕೊಂಡು, ನಮ್ಮ ಕಡೆಗೆ ತಿರುಗಿ ಮೆಲ್ಲನೆ ಹೇಳಿದರು: “ಮಾಷ್ಟ್ರೇ, ಅಷ್ಟು ಮೇಲಿನಿಂದ ಇಲ್ಲಿವರೆಗೆ ಬಂದ ಸುದ್ದಿಗೆ ಇಲ್ಲಿಂದ ನಮ್ಮ ಮನೆಗೆ ಬರಲು ದಾರಿ ಸಿಗಲಿಲ್ಲವೇ?”

ನಮ್ಮಲ್ಲಿ ಉತ್ತರವಿರಲಿಲ್ಲ. 36,000 ಕಿಲೋಮೀಟರು ದಾಟಿ ಬಂದ ತಿಳಿವಳಿಕೆಯು ಕೊನೆಯ ಎರಡು ಕಿಲೋಮೀಟರಿನಲ್ಲಿ ನಿಂತುಹೋಗಿತ್ತು. ನಿಲ್ಲಿಸಿದವರು ನಾವೇ.

ಅಂದಿನಿಂದ ಶಾಲೆಯ ಜಗಲಿಯಲ್ಲಿ ‘ಹವೆಯ ಹಲಗೆ’ಯನ್ನು ಇರಿಸಿದ್ದೇವೆ. ಏಳನೆಯ ತರಗತಿಯ ಇಬ್ಬರು ಮಕ್ಕಳು ಸರದಿಯಂತೆ ದಿನವೂ ಹವಾಮಾನ ಇಲಾಖೆಯ ಉಪಗ್ರಹ ಚಿತ್ರವನ್ನೂ ಜಿಲ್ಲೆಯ ಮುನ್ಸೂಚನೆಯನ್ನೂ ನೋಡಿ, ಅರ್ಥವನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆಯುವರು. ಹಸುರು ಎಂದರೆ ಎಚ್ಚರಿಕೆಯಿಲ್ಲ. ಹಳದಿ ಎಂದರೆ ಗಮನವಿಟ್ಟಿರಿ. ಕಿತ್ತಳೆ ಎಂದರೆ ಸಿದ್ಧರಾಗಿರಿ. ಕೆಂಪು ಎಂದರೆ ಕೂಡಲೇ ಸುರಕ್ಷತೆಗೆ ತಕ್ಕುದನ್ನು ಮಾಡಿರಿ. ಸಂಜೆ ಮನೆಗೆ ಹೋಗುವಾಗ ಪ್ರತಿಯೊಬ್ಬರೂ ಆ ನಾಲ್ಕು ಸಾಲುಗಳನ್ನು ಬಾಯಲ್ಲಿ ಹೊತ್ತುಕೊಂಡು ಹೋಗಬೇಕು. ಅಜ್ಜ, ಅಜ್ಜಿ, ನೆರೆಮನೆಯವರು, ತುಳುವಿನವರಿದ್ದರೆ ತುಳುವಿನಲ್ಲಿ, ಬ್ಯಾರಿಯವರಿದ್ದರೆ ಅವರ ಮಾತಿನಲ್ಲಿ ಹೇಳಬೇಕು. ಇದೇ ಅಭ್ಯಾಸ.

ಅಂಗಳದಲ್ಲಿ ಒಂದು ಮಳೆಮಾಪಕವೂ ಇದೆ. ಇಲಾಖೆಯ ಕ್ರಮದಂತೆ ಬೆಳಗ್ಗೆ ಎಂಟೂವರೆಗೆ ಅಳೆದು ಬರೆಯುತ್ತೇವೆ. ಇಪ್ಪತ್ತನಾಲ್ಕು ಗಂಟೆಗಳಲ್ಲಿ 64.5 ಮಿಲಿಮೀಟರಿನಿಂದ 115.5ರವರೆಗೆ ಬಿದ್ದರೆ ಭಾರಿ ಮಳೆ, ಅಲ್ಲಿಂದ 204.4ರವರೆಗೆ ಅತಿ ಭಾರಿ. ಅದಕ್ಕೂ ಮೇಲಾದರೆ ಅತ್ಯಂತ ಭಾರಿ ಎಂದು ಲೆಕ್ಕ. ಮೇಲಿನ ಕಣ್ಣಿಗೆ ನೆಲದ ಅಳತೆಯೂ ಜೊತೆಗೂಡಬೇಕು. ಉಪಗ್ರಹವು ಮೋಡವನ್ನು ಕಾಣುವುದೇ ಹೊರತು ಯಾವ ಗುಡ್ಡವು ನೀರು ಕುಡಿದು ಯಾವ ಗಳಿಗೆಯಲ್ಲಿ ಜಾರುವುದೆಂಬುದನ್ನು ಹೇಳಲಾರದು. 2024ರ ಜುಲೈ 30ರ ವಯನಾಡಿನ ದುಃಖವನ್ನು ನೆನೆದರೆ ಊರೂರಿನ ಮಳೆಯ ಲೆಕ್ಕ ಎಷ್ಟು ಬೆಲೆಯುಳ್ಳದ್ದೆಂಬುದು ಮನಸ್ಸಿಗೆ ನಾಟುವುದು.

ಹಲಗೆಯ ಮಾತು ಎಲ್ಲ ದಿನವೂ ನಿಜವಾಗಿಲ್ಲ. ಕಿತ್ತಳೆ ಬರೆದ ದಿನ ಚೊಕ್ಕ ಬಿಸಿಲು ಕಾದು ಮಕ್ಕಳು ನಗೆಗೀಡಾದದ್ದುಂಟು. ಅವರಿಗೆ ನಾವು ಹೇಳುವುದಿಷ್ಟೆ: ಜಿಲ್ಲೆಗೆಂದು ಹೇಳಿದ ಮಳೆಯು ಬದಿಯಡ್ಕದಲ್ಲಿ ಬಿದ್ದು ಮಂಜೇಶ್ವರವನ್ನು ಬಿಟ್ಟಿರಬಹುದು, ಮುನ್ಸೂಚನೆ ಎಂದರೆ ಸಂಭವದ ಮಾತು, ಜ್ಯೋತಿಷ್ಯವಲ್ಲ. ತಪ್ಪಿದುದನ್ನೂ ಪುಸ್ತಕದಲ್ಲಿ ಬರೆದಿಡಿರಿ. ತಪ್ಪನ್ನು ಬರೆದಿಡುವುದೇ ವಿಜ್ಞಾನದ ಮೊದಲ ಪಾಠ.

ಆ ಅಜ್ಜನವರು ಈಗಲೂ ಬೇಸಗೆಯ ಕೊನೆಯಲ್ಲಿ ಒಮ್ಮೆ ಜಗಲಿಗೆ ಬಂದು ಹಲಗೆಯನ್ನು ಓದಿ, ಬಳಿಕ ಅಂಗಳಕ್ಕಿಳಿದು ಪಡುವಣ ಬಾನನ್ನೂ ನೋಡಿ ಹೋಗುವರು. ಎರಡನ್ನೂ ನೋಡುವುದು ಒಳ್ಳೆಯದೇ.

ರಕ್ಷಕರಲ್ಲಿ ನಮ್ಮ ವಿಜ್ಞಾಪನೆ: ಸಂಜೆ ಮಗು ಹವೆಯ ಸುದ್ದಿ ತಂದಾಗ ಕೆಲಸವನ್ನು ಅರೆಗಳಿಗೆ ನಿಲ್ಲಿಸಿ ಕೇಳಿರಿ. ಕೇಳುವವರಿದ್ದರೆ ಮಾತ್ರ ಹೇಳುವವರು ಬೆಳೆಯುವರು.

ಅಭ್ಯಾಸ

1. ಭೂಸ್ಥಿರ ಉಪಗ್ರಹವು ನಮಗೆ ನಿಂತಂತೆ ಕಾಣುವುದೇಕೆ?

2. ನೆಲದ ಉಷ್ಣತೆ 28 ಡಿಗ್ರಿ. ಮೋಡದ ನೆತ್ತಿಯದು ಸೊನ್ನೆಗಿಂತ ಕೆಳಗೆ 37 ಡಿಗ್ರಿ. ಮೋಡದ ಎತ್ತರವೆಷ್ಟು?

3. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರಾಗುವುದು. 100 ಚದರ ಮೀಟರಿನ ಮಾಡಿನ ಮೇಲೆ 65 ಮಿಲಿಮೀಟರು ಮಳೆ ಬಿದ್ದರೆ ಎಷ್ಟು ಲೀಟರು?

4. 1999ಕ್ಕೂ 2013ಕ್ಕೂ ಒಡಿಶಾದಲ್ಲಿ ಆದ ವ್ಯತ್ಯಾಸಕ್ಕೆ ಕಾರಣಗಳೇನು? ಮನೆಯ ಹಿರಿಯರೊಡನೆ ಮಾತನಾಡಿ ಬರೆಯಿರಿ.

5. ಒಂದು ವಾರ ಅಜ್ಜ ಅಜ್ಜಿಯರು ಹೇಳಿದ ಮಳೆಯ ಲಕ್ಷಣವನ್ನೂ ಇಲಾಖೆಯ ಮುನ್ಸೂಚನೆಯನ್ನೂ ನಿಜವಾಗಿ ಬಿದ್ದ ಮಳೆಯನ್ನೂ ಮೂರು ಸಾಲುಗಳಲ್ಲಿ ಬರೆದಿಡಿರಿ.